ಬೆಕ್ಕಿನ ಕಣ್ಣಿನಲ್ಲಿ ಬಿಳಿಯ ದಾರ

ಬೆಕ್ಕಿಗೆ ಮಾರ್ಜಾಲವೆಂಬ ಹೆಸರು ಬಂದುದು ಒರಸು, ತೊಳೆ, ಶುಚಿಗೊಳಿಸು ಎಂಬ ಅರ್ಥಗಳುಳ್ಳ ಸಂಸ್ಕೃತ ಧಾತುವಿನಿಂದ. ಮಾರ್ಜನ, ಸಮ್ಮಾರ್ಜನ ಎಂಬ ಮಾತುಗಳೂ ಅದೇ ಬೇರಿನವು. ಈ ಹೆಸರನ್ನಿಟ್ಟ ಪೂರ್ವಿಕರು ಬೆಕ್ಕನ್ನು ಬಹುಕಾಲ ಹತ್ತಿರದಿಂದ ನೋಡಿದವರಿರಬೇಕು. ಉಂಡ ಮೇಲೆ, ಮಲಗುವ ಮುನ್ನ, ಎದ್ದ ಕೂಡಲೆ, ಮನೆಯವರಿಂದ ಬೈಗುಳ ತಿಂದ ಮೇಲೆ ಕೂಡ, ಮುಂಗಾಲನ್ನು ನೆಕ್ಕಿ ನೆಕ್ಕಿ ಮುಖವನ್ನು ಒರಸಿಕೊಳ್ಳದೆ ಅದಕ್ಕೆ ಸಮಾಧಾನವಿಲ್ಲ. ಸಾಕಿದವರಿಗೆ ಇದೊಂದು ನೋಡತಕ್ಕ ಸೊಗಸು. ಆದರೆ ಈ ಶುಚಿತ್ವದಲ್ಲಿ ಒಂದು ತೊಡಕೂ ಉಂಟು. ಕಣ್ಣಿನಿಂದ ನೀರು ಸುರಿಯತೊಡಗಿದರೆ ಬೆಕ್ಕು ಅದನ್ನೂ ಒರಸಿಬಿಡುತ್ತದೆ. ರೋಗದ ಕುರುಹನ್ನು ರೋಗಿಯೇ ಅಳಿಸಿಹಾಕಿದರೆ ನೋಡುವವರಿಗೆ ತಿಳಿಯುವ ಬಗೆ ಹೇಗೆ?

ಆದಕಾರಣ ಬೆಕ್ಕಿನ ಕಣ್ಣುಬೇನೆ ಹಿರಿಯರ ಗಮನಕ್ಕೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಕೆಲವು ದಿನಗಳಾದರೂ ಕಳೆದಿರುತ್ತವೆ. ಮೊದಲು ಕಾಣುವವರು ಮಕ್ಕಳು. "ಅಮ್ಮಾ, ಬೆಕ್ಕು ಒಂದು ಕಣ್ಣನ್ನು ಅರ್ಧ ಮುಚ್ಚಿಕೊಂಡೇ ಇರುತ್ತೆ ನೋಡು" ಎಂದು ಮಗಳು ಹೇಳಿದರೆ, "ಬೇರೆ ಬೆಕ್ಕಿನ ಜೊತೆ ಕಚ್ಚಾಡಿರಬೇಕು ಕಣೇ, ಎರಡು ದಿನದಲ್ಲಿ ತಾನೇ ಸರಿಹೋಗುತ್ತೆ" ಎಂಬ ಉತ್ತರ ಒಳಗಿನಿಂದ ಅಜ್ಜಿಯದು. ಎರಡು ದಿನ ಹೋಗಿ ಎಂಟು ದಿನವಾಗುತ್ತದೆ. ಹಿಂದೆ ಮಗನಿಗೆ ಮದ್ರಾಸ್ ಐ ಬಂದಾಗ ತಂದಿದ್ದ ಹನಿಯ ಶೀಷೆ ಬೀರುವಿನಲ್ಲಿ ಉಳಿದಿರುತ್ತದೆ. ಅದನ್ನೇ ಎರಡು ಹೊತ್ತು ಬಿಡುತ್ತಾರೆ. ಕೆಂಪು ಇಳಿಯುತ್ತದೆ. ಎಲ್ಲರಿಗೂ ನೆಮ್ಮದಿ. ಹನಿ ನಿಲ್ಲಿಸಿದ ವಾರದೊಳಗೆ ಮತ್ತೆ ಅದೇ ನೀರು, ಅದೇ ಗೀಜು, ಕಣ್ಣಿನ ಒಳಮೂಲೆಯಿಂದ ಮೂಗಿನ ಪಕ್ಕದವರೆಗೆ ಅದೇ ಕಂದು ಗೆರೆ. ಮತ್ತೆ ಹನಿ. ಹೀಗೆ ಒಂದು ತಿಂಗಳು, ಎರಡು ತಿಂಗಳು.

ಇಲ್ಲಿ ತಡೆದು ಯೋಚಿಸಬೇಕಾದ ಸಂಗತಿ ಒಂದುಂಟು. ಔಷಧಿ ಇರುವವರೆಗೆ ಇಳಿದು, ನಿಂತೊಡನೆ ಮರಳುವ ಬೇನೆಗೆ ಮೂಲಕಾರಣ ಇನ್ನೂ ಅಲ್ಲಿಯೇ ಕುಳಿತಿರಬೇಕು. ಆ ಮೂಲ ಹಲವು ಬಗೆಯದಾಗಿರಬಹುದು. ಬೆಕ್ಕುಗಳಿಗೆ ಬರುವ ಶೀತದ ವೈರಾಣು ಎಲ್ಲ ದೇಶಗಳಲ್ಲಿಯೂ ಅತಿ ಸಾಮಾನ್ಯವಾದ ಕಾರಣ. ಅದರಲ್ಲಿ ಸೀನುವಿಕೆ, ಮೂಗಿನ ಸಿಂಬಳ, ಜ್ವರ ಜೊತೆಗಿರುವುದು ಹೆಚ್ಚು. ಹುಲ್ಲಿನ ಮುಳ್ಳೊಂದು ರೆಪ್ಪೆಯ ಒಳಗೆ ಸಿಕ್ಕಿರಬಹುದು, ಉಗುರಿನ ಗೀರು ಇರಬಹುದು. ಇವಲ್ಲದೆ ಇನ್ನೊಂದು ಕಾರಣವುಂಟು. ಅದು ಅಪರೂಪದ್ದೇ ಆದರೂ ಯಾರೂ ಹುಡುಕದೆ ಇರುವುದರಿಂದಲೇ ಕಣ್ಣಿಗೆ ಕುತ್ತು ತರುವಂಥದು. ಅದೇ ಕಣ್ಣಿನ ಹುಳು.

ವಿಜ್ಞಾನಿಗಳು ಅದನ್ನು ಥೆಲೇಜಿಯ ಕ್ಯಾಲಿಪೀಡ ಎಂದು ಕರೆಯುತ್ತಾರೆ. ನೋಟಕ್ಕೆ ಅದು ಹಾಲಿನ ಬಣ್ಣದ ಸಣ್ಣ ದಾರದ ತುಂಡು. ಹೆಣ್ಣುಹುಳು ಒಂದೂವರೆ ಸೆಂಟಿಮೀಟರಿನ ಆಸುಪಾಸು. ಗಂಡು ಅದಕ್ಕಿಂತ ಗಿಡ್ಡ, ಒಂದು ಸೆಂಟಿಮೀಟರಿನಷ್ಟು. ಹೂ ಕಟ್ಟುವ ದಾರದಿಂದ ಬಿಡಿಸಿ ತೆಗೆದ ಒಂದೆಳೆ ಕಣ್ಣಿನ ನೀರಿನಲ್ಲಿ ತೇಲುತ್ತಿದ್ದಂತೆ ತೋರುತ್ತದೆ. ಆದರೆ ಆ ಎಳೆ ತಾನಾಗಿ ಹೊರಳುತ್ತದೆ, ಸುರುಳಿ ಸುತ್ತುತ್ತದೆ, ಬೆಳಕು ಬಿದ್ದರೆ ಸರಿದು ಅವಿತುಕೊಳ್ಳುತ್ತದೆ. ಒಂದು ಕಣ್ಣಿನಲ್ಲಿ ಒಂದೇ ಇರಬಹುದು, ಹತ್ತಾರು ಇರಬಹುದು.

ಅವಿತುಕೊಳ್ಳಲು ಅದಕ್ಕೆ ಪ್ರಶಸ್ತವಾದ ತಾಣವನ್ನು ಪ್ರಕೃತಿಯೇ ಒದಗಿಸಿದೆ. ಮನುಷ್ಯನಿಗೆ ಕಣ್ಣಿನ ಮೇಲೊಂದು ಕೆಳಗೊಂದು ರೆಪ್ಪೆ, ಬೆಕ್ಕಿಗಾದರೋ ಮೂರನೆಯದೊಂದುಂಟು. ಕಣ್ಣಿನ ಒಳಮೂಲೆಯಲ್ಲಿ ಮಡಿಚಿಕೊಂಡಿದ್ದು, ಬೇಕಾದಾಗ ತೆಳುವಾದ ಪರದೆಯಂತೆ ಓರೆಯಾಗಿ ಗುಡ್ಡೆಯ ಮೇಲೆ ಸರಿಯುವ ಬಿಳಿಯ ಪೊರೆ ಅದು. ಬೆಕ್ಕು ಸುಖವಾಗಿ ತೂಕಡಿಸುತ್ತಿರುವಾಗ ಅರೆತೆರೆದ ಕಣ್ಣಿನಲ್ಲಿ ಅದು ಕಾಣುವುದುಂಟು. ಮನುಷ್ಯನ ಕಣ್ಣಿನ ಮೂಲೆಯಲ್ಲಿರುವ ನಸುಗೆಂಪಿನ ಸಣ್ಣ ಮಡಿಕೆ ಆ ಮೂರನೆಯ ರೆಪ್ಪೆಯದೇ ಉಳಿಕೆ. ಈ ಪೊರೆಯ ಹಿಂಬದಿಯಲ್ಲಿ ಕತ್ತಲು, ಬೆಚ್ಚನೆಯ ತೇವ, ಎಂದೂ ಬತ್ತದ ಕಣ್ಣೀರು. ಹುಳುವಿಗೆ ಆಹಾರವೂ ಅದೇ, ಮನೆಯೂ ಅದೇ. ಮೇಲಿನಿಂದ ಎಷ್ಟು ದಿಟ್ಟಿಸಿ ನೋಡಿದರೂ ಕಣ್ಣು ಕೆಂಪಾಗಿದೆಯೆಂಬುದಷ್ಟೇ ಗೊತ್ತಾಗುತ್ತದೆ; ಪೊರೆಯನ್ನೆತ್ತಿ ನೋಡಿದವರಿಗೆ ಮಾತ್ರ ಒಳಗಿನ ನಿವಾಸಿ ಕಾಣಿಸುತ್ತಾನೆ.

ಈ ಹುಳು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಹಾಗಿದ್ದ ಮೇಲೆ ಕೇಡೇನು ಎಂದು ಕೇಳಬಹುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈಯ ಉದ್ದಕ್ಕೂ ಅಡ್ಡಡ್ಡಲಾಗಿ ಚೂಪಾದ ಅಂಚಿನ ಬಳೆಗಳು ಕಾಣುತ್ತವೆ, ಬಡಗಿಯ ಅರದಂತೆ. ಅದು ಹೊರಳಿದಾಗಲೆಲ್ಲ ಆ ಅರ ಕಣ್ಣಿನ ಮೇಲೆ ಆಡುತ್ತದೆ. ಮೊದಲು ನೀರು, ನವೆ, ಕೆಂಪು. ಬೆಕ್ಕು ಕಾಲಿನಿಂದ ಉಜ್ಜುತ್ತದೆ, ಉಜ್ಜಿದಷ್ಟೂ ಗಾಯ. ಗಾಯದಲ್ಲಿ ರೋಗಾಣುಗಳು ಸೇರಿ ನೀರು ಗಟ್ಟಿಯಾಗಿ ಹಳದಿ ಗೀಜಾಗುತ್ತದೆ. ಕಣ್ಣಿನ ಮುಂಭಾಗದ ಗಾಜಿನಂಥ ಪಾರದರ್ಶಕ ಪಟಲ, ವೈದ್ಯರು ಕಾರ್ನಿಯ ಎನ್ನುವ ಭಾಗ, ಮೊದಲು ಮಂಜು ಕವಿದಂತಾಗಿ ಆಮೇಲೆ ಹುಣ್ಣಾಗಬಹುದು. ಹುಣ್ಣು ಆಳಕ್ಕಿಳಿದರೆ ಪಟಲ ತೂತು ಬೀಳುವುದೂ ಉಂಟು. ಎಲ್ಲ ಬೆಕ್ಕುಗಳಿಗೂ ಹೀಗಾಗುವುದಿಲ್ಲ. ಹುಳುವಿದ್ದೂ ಬರಿಯ ನೀರಿನಲ್ಲಿ ಕಾಲ ಕಳೆಯುವ ಪ್ರಾಣಿಗಳು ಅನೇಕ. ಆದರೆ ತಮ್ಮ ಬೆಕ್ಕು ಆ ಅದೃಷ್ಟವಂತರಲ್ಲಿ ಒಂದೆಂದು ನೆಚ್ಚಿ ಕೂರುವುದು ಜಾಣತನವಲ್ಲ.

ಹುಳುವಿನ ಹೆಸರಿನಲ್ಲಿ ಒಂದು ವಿನೋದವಿದೆ. ಕ್ಯಾಲಿಪೀಡ ಎಂಬುದರಲ್ಲಿ ಗ್ರೀಕ್ ಭಾಷೆಯ 'ಸುಂದರ', 'ಸಂತಾನ' ಎಂಬ ಎರಡು ಮಾತುಗಳ ಛಾಯೆ ಕಾಣುತ್ತದೆ. ಹೆಣ್ಣುಹುಳು ಮಣ್ಣಿನಲ್ಲೋ ನೀರಿನಲ್ಲೋ ಮೊಟ್ಟೆಯಿಟ್ಟು ಹೋಗುವುದಿಲ್ಲ; ಕಣ್ಣೀರಿನಲ್ಲಿಯೇ ಜೀವಂತವಾದ ಮರಿಗಳನ್ನು ಬಿಡುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣವಾದ ಆ ಮರಿಗಳು ಸೂಕ್ಷ್ಮದರ್ಶಕದಲ್ಲಿ ಎಷ್ಟೇ ಚೆಲುವಾಗಿ ತೋರಿದರೂ, ಬೆಕ್ಕಿನ ಪಾಲಿಗೆ ಆ ಸೌಂದರ್ಯ ಕಣ್ಣಿಗೆ ಬಿದ್ದ ಕಸವೇ ಸರಿ.

ಈ ಕ್ರಿಮಿಯನ್ನು ಮೊತ್ತಮೊದಲು ಗುರುತಿಸಿ ವರ್ಣಿಸಿದವರು ಫ್ರಾನ್ಸಿನ ರಾಯ್ಯೆ ಮತ್ತು ಆನ್ರಿ ಎಂಬ ವಿದ್ವಾಂಸರು, ೧೯೧೦ರಲ್ಲಿ. ಅವರ ಕೈಗೆ ಬಂದ ಹುಳು ಸಿಕ್ಕಿದ್ದು ಫ್ರಾನ್ಸಿನಲ್ಲಲ್ಲ. ಅಂದಿನ ಅವಿಭಜಿತ ಪಂಜಾಬಿನ ರಾವಲ್ಪಿಂಡಿಯ ನಾಯಿಯೊಂದರ ಕಣ್ಣಿನಲ್ಲಿ. ೧೯೧೭ರಲ್ಲಿ ಚೀನದಿಂದ ಮನುಷ್ಯನ ಕಣ್ಣಿನಲ್ಲಿಯೂ ಅದು ದೊರೆತ ವರದಿ ಬಂತು. ಆಮೇಲೆ ಚೀನ, ಜಪಾನ್, ಕೊರಿಯ ಮೊದಲಾದ ಕಡೆಗಳಿಂದಲೇ ಹೆಚ್ಚು ಸುದ್ದಿ ಬರುತ್ತಿದ್ದುದರಿಂದ ಪೌರ್ವಾತ್ಯ ನೇತ್ರಕ್ರಿಮಿ ಎಂಬರ್ಥದ ಬಿರುದು ಅದಕ್ಕೆ ಅಂಟಿಕೊಂಡಿತು. ಪಶ್ಚಿಮದವರು ಇದು ತಮ್ಮ ಮನೆಯ ಕತೆಯಲ್ಲವೆಂದು ನಿಶ್ಚಿಂತೆಯಿಂದಿದ್ದರು.

ಆ ನಿಶ್ಚಿಂತೆ ೧೯೮೯ರಲ್ಲಿ ಮುರಿಯಿತು. ಉತ್ತರ ಇಟಲಿಯ ಪೀಡ್ಮಾಂಟ್ ಪ್ರಾಂತದ ನಾಯಿಗಳ ಕಣ್ಣಿನಲ್ಲಿ ಅದೇ ಬಿಳಿಯ ದಾರ ಕಾಣಿಸಿತು. ಮುಂದಿನ ವರ್ಷಗಳಲ್ಲಿ ದಕ್ಷಿಣ ಇಟಲಿಯ ಬಸಿಲಿಕಾತ ಪ್ರಾಂತದಲ್ಲಿ ಹುಡುಕಿದಾಗ, ಕೆಲವು ಕಡೆ ನೂರಕ್ಕೆ ಅರವತ್ತರಷ್ಟು ನಾಯಿಗಳಲ್ಲಿ ಹುಳು! ಬೆಕ್ಕುಗಳಲ್ಲಿಯೂ ಸಿಕ್ಕಿತು, ಆದರೆ ನಾಯಿಗಳಿಗಿಂತ ವಿರಳವಾಗಿ. ನರಿ, ತೋಳಗಳ ಕಣ್ಣುಗಳೂ ಬರಿದಾಗಿರಲಿಲ್ಲ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಸ್ಪೇನ್, ಪೋರ್ಚುಗಲ್ ಒಂದಾದ ಮೇಲೊಂದು ಪಟ್ಟಿಗೆ ಸೇರಿದುವು. ೨೦೨೦ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಾಯಿಯೊಂದರಲ್ಲಿಯೂ ಸಿಕ್ಕಿತು. ಪೌರ್ವಾತ್ಯವೆಂಬ ವಿಶೇಷಣ ಇಂದು ಹೆಸರಿನಲ್ಲಿ ಮಾತ್ರ ಉಳಿದಿದೆ.

ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಹುಳು ಪಯಣಿಸುವುದು ಹೇಗೆ ಎಂಬುದೇ ಈ ಕತೆಯ ಕುತೂಹಲದ ಭಾಗ. ಹುಳುವಿಗೆ ರೆಕ್ಕೆಯಿಲ್ಲ, ಕಣ್ಣೀರಿನಿಂದಾಚೆ ಅದರ ಮರಿ ಬಹುಕಾಲ ಬದುಕಲಾರದು. ದನಗಳ ಕಣ್ಣಿಗೆ ಬರುವ ಇದರ ದಾಯಾದಿ ಹುಳುಗಳನ್ನು ಮನೆನೊಣದ ಬಳಗದ ನೊಣಗಳು ಹೊತ್ತು ತಿರುಗುತ್ತವೆಂಬುದು ಗೊತ್ತಿತ್ತು. ಆದರೆ ಈ ಹುಳುವಿನ ವಾಹನ ಬೇರೆ. ೧೯೬೦ರ ದಶಕದಲ್ಲಿಯೇ ಸೋವಿಯತ್ ದೇಶದ ವಿದ್ವಾಂಸರು ಫೋರ್ಟಿಕ ಎಂಬ ಸಣ್ಣ ನೊಣದ ಕಡೆಗೆ ಬೆರಳು ತೋರಿದ್ದರು. ೨೦೦೫-೦೬ರ ಸುಮಾರಿಗೆ ಇಟಲಿಯ ಬಾರಿ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ದೊಮೆನಿಕೊ ಒತ್ರಾಂತೊ ಮತ್ತು ಅವರ ಸಂಗಡಿಗರು ಅದನ್ನು ಪ್ರಯೋಗದಿಂದಲೂ ಕಾಡಿನ ಶೋಧದಿಂದಲೂ ಸಿದ್ಧಪಡಿಸಿದರು.

ಕಳಿತ ಬಾಳೆಹಣ್ಣಿನ ಮೇಲೆ ಗುಂಯ್ಗುಡುವ ಚಿಕ್ಕ ನೊಣಗಳನ್ನು ನೋಡದ ಗೃಹಿಣಿಯಿಲ್ಲ. ಫೋರ್ಟಿಕ ಅವುಗಳ ಕುಲಕ್ಕೇ ಸೇರಿದ್ದು. ಆದರೆ ಅಡಿಗೆಮನೆಯದಲ್ಲ, ಓಕ್ ಮರಗಳ ಕಾಡಿನದು. ಮರದ ರಸವೂ ಹುಳಿತ ಹಣ್ಣೂ ಅದಕ್ಕೆ ಪ್ರಿಯ. ಇಟಲಿಯ ವಿಜ್ಞಾನಿಗಳು ಹಣ್ಣಿನ ಆಮಿಷವೊಡ್ಡಿಯೂ, ಪ್ರಾಣಿಗಳ ಕಣ್ಣಿನ ಸುತ್ತ ಬಲೆ ಬೀಸಿಯೂ ನೊಣಗಳನ್ನು ಹಿಡಿದರು. ಹಿಡಿದು ಎಣಿಸಿದಾಗ ಬೆರಗು ಕಾದಿತ್ತು: ಕಣ್ಣಿನ ಬಳಿ ಸಿಕ್ಕವೆಲ್ಲ ಗಂಡುನೊಣಗಳು, ಹೆಣ್ಣುಗಳು ಹಣ್ಣನ್ನು ಬಿಟ್ಟು ಕದಲಿರಲಿಲ್ಲ. ಸೊಳ್ಳೆಗಳ ಲೋಕದಲ್ಲಿ ರಕ್ತ ಹೀರುವುದು ಹೆಣ್ಣು, ಗಂಡು ಸಾಧು. ಇಲ್ಲಿ ವಿಧಿ ತಿರುಗುಮುರುಗು. ಪ್ರಾಣಿಯ ಕಣ್ಣೀರನ್ನು ಹುಡುಕಿಕೊಂಡು ಬರುವವನು ಗಂಡು. ಹಿತವಾದ ಬಿಸಿಲು, ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿಯ ಹವೆ, ಗಾಳಿಯಲ್ಲಿ ತಕ್ಕಮಟ್ಟಿನ ತೇವ, ಇಷ್ಟಿದ್ದರೆ ಅವನ ಓಡಾಟಕ್ಕೆ ಹಬ್ಬ.

ಕಣ್ಣೀರು ಕುಡಿದಾಗ ಹುಳುವಿನ ಮರಿಯೂ ನೊಣದ ಹೊಟ್ಟೆ ಸೇರುತ್ತದೆ. ಎರಡು ಮೂರು ವಾರ ಅಲ್ಲಿಯೇ ಬೆಳೆದು, ಮೈ ಬಲಿತ ಮೇಲೆ ನೊಣದ ಸೊಂಡಿಲಿಗೆ ಬಂದು ಕಾದು ಕೂರುತ್ತದೆ. ನೊಣ ಮತ್ತೊಂದು ಕಣ್ಣಿನ ಮೇಲೆ ಕುಳಿತ ಕ್ಷಣ ಇಳಿದುಬಿಡುತ್ತದೆ. ಅಲ್ಲಿಂದ ಸುಮಾರು ಐದು ವಾರಗಳಲ್ಲಿ ಅದು ಬೆಳೆದ ಹುಳು. ನೊಣದೊಳಗಿನ ಈ ವನವಾಸ ತಪ್ಪಿದರೆ ಮರಿ ಮುಂದಕ್ಕೆ ಬೆಳೆಯುವಂತಿಲ್ಲ.

ಈ ಒಂದು ಮಾತನ್ನು ಗೃಹಸ್ಥರು ನೆನಪಿನಲ್ಲಿಡುವುದು ಅಗತ್ಯ. ಏಕೆಂದರೆ ಬೆಕ್ಕಿನ ಕಣ್ಣಿನಲ್ಲಿ ಹುಳುವಿದೆಯೆಂದು ತಿಳಿದ ಮನೆಯಲ್ಲಿ ಮುಂದೆ ನಡೆಯುವುದು ಏನೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಕ್ಕಳು ಅದರೊಡನೆ ಮಲಗುತ್ತಾರೆ, ಕೆನ್ನೆಗೆ ಕೆನ್ನೆ ಉಜ್ಜುತ್ತಾರೆ; ಹುಳು ಮಕ್ಕಳ ಕಣ್ಣಿಗೆ ಹಾರಿದರೇನು ಗತಿ ಎಂಬ ಭಯ ಹುಟ್ಟುತ್ತದೆ. ಆಗ ಗೋಣಿಚೀಲ ಹೊರಬರುತ್ತದೆ. ಬೆಕ್ಕನ್ನು ಅದರಲ್ಲಿ ತುಂಬಿ, ದಾರಿಯ ಗುರುತು ಸಿಕ್ಕಬಾರದೆಂದು ಬಾಯಿ ಕಟ್ಟಿ, ಊರಾಚೆಯ ಸಂತೆಮಾಳದಲ್ಲೋ ರೈಲ್ವೆ ಗೇಟಿನ ಬಳಿಯಲ್ಲೋ ಬಿಟ್ಟುಬರುವುದು ನಮ್ಮಲ್ಲಿ ಹಳೆಯ ಪದ್ಧತಿ. ಹಾಲು ಕದ್ದ ತಪ್ಪಿಗೂ ಅದೇ ಶಿಕ್ಷೆ, ಕಾಯಿಲೆ ಬಿದ್ದ ತಪ್ಪಿಗೂ ಅದೇ. ಅರೆಗುರುಡಾದ ಸಾಕುಬೆಕ್ಕು ಬೀದಿನಾಯಿಗಳ ನಡುವೆ ಎಷ್ಟು ದಿನ ಬಾಳೀತು?

ಆ ಭಯ ಬುಡವಿಲ್ಲದ್ದೇನೂ ಅಲ್ಲ, ಆದರೆ ಅದು ಗುರಿ ತಪ್ಪಿದ ಭಯ. ಈ ಹುಳು ಮನುಷ್ಯನ ಕಣ್ಣಿಗೂ ಬರುತ್ತದೆ. ಮಣಿಪುರದ ಎರಡು ಪ್ರಕರಣಗಳು ೧೯೯೩ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದುವು. ಆಮೇಲೆ ಅಸ್ಸಾಮಿನಿಂದಲೂ ಬಂದುವು. ೨೦೧೪ರಲ್ಲಿ ಕರ್ನಾಟಕದಿಂದಲೇ ಅಂಥದೊಂದು ವರದಿಯಾಯಿತು. ಇಟಲಿ, ಫ್ರಾನ್ಸುಗಳ ಮನುಷ್ಯರಲ್ಲಿಯೂ ಕಂಡದ್ದು ೨೦೦೮ರಲ್ಲಿ ಬೆಳಕಿಗೆ ಬಂತು. ದನಗಳ ಕಣ್ಣಿನ ಹುಳುವೇ ಮನುಷ್ಯನಿಗೆ ಬಂದ ಪ್ರಸಂಗವೂ ಒಂದಿದೆ: ೨೦೧೬ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಯುವತಿಯೊಬ್ಬಳ ಒಂದೇ ಕಣ್ಣಿನಿಂದ ೧೪ ಹುಳುಗಳನ್ನು ತೆಗೆದರು. ಆದರೆ ಇವರಾರಿಗೂ ಹುಳು ಬಂದದ್ದು ಪ್ರಾಣಿಯನ್ನು ಮುಟ್ಟಿದ್ದರಿಂದಲ್ಲ, ಮುದ್ದಾಡಿದ್ದರಿಂದಲ್ಲ. ನಡುವೆ ನೊಣವೊಂದು ಬೇಕೇ ಬೇಕು, ಆ ನೊಣದೊಳಗೆ ಎರಡು ಮೂರು ವಾರ ಕಳೆಯಲೇ ಬೇಕು. ಬೆಕ್ಕನ್ನು ಗಡೀಪಾರು ಮಾಡಿದರೆ ನೊಣ ಊರಿನಲ್ಲಿಯೇ ಉಳಿಯುತ್ತದೆ. ಚಿಕಿತ್ಸೆಯಿಲ್ಲದ ಬೆಕ್ಕು ಹೊರಗೆ ಅಲೆಯುತ್ತ ಆ ನೊಣಕ್ಕೆ ಮರಿಗಳನ್ನು ಒದಗಿಸುತ್ತಲೇ ಇರುತ್ತದೆ. ಮಕ್ಕಳ ಕ್ಷೇಮವನ್ನೇ ಬಯಸುವವರು ಮಾಡಬೇಕಾದದ್ದು ಗೋಣಿಚೀಲವನ್ನು ಮಡಿಸಿಟ್ಟು ಪಶುವೈದ್ಯರ ಬಳಿಗೆ ಹೋಗುವುದು.

ಅದಕ್ಕೂ ಮೊದಲು ಮನೆಯಲ್ಲಿ ನೋಡಬಹುದಾದದ್ದು ಇಷ್ಟು. ಬೆಕ್ಕು ಶಾಂತವಾಗಿರುವ ಹೊತ್ತನ್ನು ನೋಡಿ, ದಪ್ಪ ಟವೆಲಿನಲ್ಲಿ ಕುತ್ತಿಗೆಯವರೆಗೆ ಸುತ್ತಬೇಕು. ಉಗುರುಗಳು ಒಳಗಿರುವುದು ಎಲ್ಲರಿಗೂ ಕ್ಷೇಮ. ಒಬ್ಬರು ಮಡಿಲಲ್ಲಿ ಹಿಡಿದುಕೊಂಡರೆ ಇನ್ನೊಬ್ಬರು ಕಿಟಕಿಯ ಬೆಳಕಿನಲ್ಲಿ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಕೆಳಕ್ಕೆ ಜಗ್ಗಿ ನೋಡಬೇಕು. ಕೆಂಪು ಎಷ್ಟಿದೆ, ಗೀಜು ನೀರಾಗಿದೆಯೋ ಹಳದಿಯಾಗಿದೆಯೋ, ಗುಡ್ಡೆಯ ಮೇಲೆ ಮಂಜಿನ ಚುಕ್ಕೆ ಇದೆಯೋ, ಒಳಮೂಲೆಯಲ್ಲಿ ಬಿಳಿಯ ಎಳೆಯೇನಾದರೂ ಚಲಿಸಿತೋ? ಗೀಜಿನ ನೂಲಿಗೂ ಹುಳುವಿಗೂ ವ್ಯತ್ಯಾಸ ಸುಲಭ: ಗೀಜು ಒದ್ದೆ ಹತ್ತಿಗೆ ಅಂಟಿ ಹಿಗ್ಗಿ ಹರಿಯುತ್ತದೆ, ಹುಳು ಮಿಸುಕುತ್ತದೆ. ಎಳೆ ಕಾಣದಿದ್ದ ಮಾತ್ರಕ್ಕೆ ಹುಳುವಿಲ್ಲವೆಂದು ತಿಳಿಯಬಾರದು. ಅದು ಇರುವುದು ಪೊರೆಯ ಹಿಂದೆ. ಮೂರನೆಯ ರೆಪ್ಪೆಯನ್ನು ಎತ್ತುವ ಕೆಲಸ ಮನೆಯವರದಲ್ಲ.

ಹುಳು ಕಂಡಿತೆಂದುಕೊಳ್ಳೋಣ. ಮರುಕ್ಷಣವೇ ಸೆರಗಿನ ತುದಿಯನ್ನು ಹುರಿಮಾಡಿ, ಕಣ್ಣಿಗೆ ಬಿದ್ದ ಕಸವನ್ನು ತೆಗೆಯುವಂತೆ ಎಳೆಯೋಣವೆನ್ನಿಸುವುದು ಸಹಜ. ಹಾಗೆ ಮಾಡಬಾರದು. ನೋಯುವ ಕಣ್ಣನ್ನು ಮುಟ್ಟಿದೊಡನೆ ಬೆಕ್ಕು ತಲೆಯೊದರುತ್ತದೆ. ಬಟ್ಟೆಯ ತುದಿಯೋ ಚಿಮಟವೋ ಮೊದಲೇ ಹುಣ್ಣಾಗಿರುವ ಪಟಲಕ್ಕೆ ತಗಲುತ್ತದೆ. ಒಂದು ಹುಳು ಬಂದರೂ ಒಳಗಿನ ಮಿಕ್ಕವು ಇದ್ದಲ್ಲಿಯೇ ಇರುತ್ತವೆ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಕಣ್ಣಿನ ಹೊರಗಿನ ಗೀಜನ್ನು ಒರಸುವುದಕ್ಕೆ ಅಡ್ಡಿಯಿಲ್ಲ. ಹುಳುವೊಂದು ತಾನಾಗಿ ಹತ್ತಿಗೆ ಅಂಟಿ ಹೊರಬಂದರೆ ಅದನ್ನು ಎಸೆಯದೆ, ಸಣ್ಣ ಶೀಷೆಯಲ್ಲಿಟ್ಟು ವೈದ್ಯರಿಗೆ ತೋರಿಸುವುದು ಲೇಸು. ನಂದಿಬಟ್ಟಲ ಹೂವಿನ ರಸ, ಹರಳೆಣ್ಣೆ, ಎದೆಹಾಲು ಮುಂತಾದ ಮನೆಮದ್ದುಗಳು ಹುಳುವನ್ನು ತೆಗೆಯಲಾರವು. ಗಾಯವಾದ ಕಣ್ಣಿಗೆ ಅವನ್ನು ಬಿಡದಿರುವುದೇ ಒಳ್ಳೆಯದು.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಬೀರುವಿನಲ್ಲಿ ಉಳಿದ ಹಳೆಯ ಹನಿ. ಕಣ್ಣಿನ ಹನಿಗಳೆಲ್ಲ ಒಂದೇ ಬಗೆಯವಲ್ಲ. ಕೆಲವದರಲ್ಲಿ ಡೆಕ್ಸಮೆಥಸೋನ್, ಬೆಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರುಗಳ ಸ್ಟಿರಾಯ್ಡ್ ಸೇರಿರುತ್ತದೆ. ಅದು ಕೆಂಪನ್ನು ಬೇಗ ಇಳಿಸುತ್ತದೆ. ಆದ್ದರಿಂದಲೇ ಎಲ್ಲರಿಗೂ ಮೆಚ್ಚು. ಆದರೆ ಪಟಲದಲ್ಲಿ ಹುಣ್ಣಿದ್ದಾಗ ಅದು ಹುಣ್ಣು ಮಾಯುವುದನ್ನು ತಡೆದು, ಇನ್ನಷ್ಟು ಆಳಕ್ಕೆ ಇಳಿಸಬಲ್ಲುದು. ಮೇಲುನೋಟಕ್ಕೆ ಗುಣವಾದಂತೆ ತೋರುತ್ತಿರುವಾಗಲೇ ಕಣ್ಣು ಹೋಗುವ ದಾರಿ ಇದು.

ಪಶುವೈದ್ಯರು ಮಾಡುವುದನ್ನು ಮೊದಲೇ ಅರಿತಿದ್ದರೆ ಮನೆಯವರಿಗೆ ಅಂಜಿಕೆ ಕಡಿಮೆ. ಅವರು ಕಣ್ಣಿಗೆ ಮರವಿನ ಹನಿ ಬಿಡುತ್ತಾರೆ. ಒಂದೆರಡು ನಿಮಿಷಗಳಲ್ಲಿ ನೋವು ಅಡಗಿ ಬೆಕ್ಕು ಕಣ್ಣು ತೆರೆಯುತ್ತದೆ. ಆಗ ಮೊಂಡುತುದಿಯ ಸಣ್ಣ ಚಿಮಟದಿಂದ ಮೂರನೆಯ ರೆಪ್ಪೆಯನ್ನು ಎತ್ತಿ ಹಿಂಬದಿಯನ್ನು ನೋಡುತ್ತಾರೆ. ಹುಳುಗಳಿದ್ದರೆ ಚಿಮಟದಿಂದಲೋ ಒದ್ದೆ ಹತ್ತಿಯ ಕಡ್ಡಿಯಿಂದಲೋ ಒಂದೊಂದಾಗಿ ತೆಗೆದು, ಲವಣದ ದ್ರಾವಣದಿಂದ ಕಣ್ಣನ್ನು ಚೆನ್ನಾಗಿ ತೊಳೆಯುತ್ತಾರೆ. ಅತಿ ರೊಚ್ಚಿನ ಬೆಕ್ಕಿಗೆ ಮಾತ್ರ ಮಂಪರಿನ ಮದ್ದು ಬೇಕಾದೀತು. ಆಮೇಲೆ ಒಂದು ಹಳದಿ ಬಣ್ಣದ ದ್ರವವನ್ನು ಬಿಟ್ಟು ನೀಲಿ ಬೆಳಕಿನಲ್ಲಿ ಪಟಲವನ್ನು ಪರೀಕ್ಷಿಸುತ್ತಾರೆ; ಹುಣ್ಣಿದ್ದ ಕಡೆ ಹಚ್ಚಗೆ ಹೊಳೆಯುತ್ತದೆ. ಕಣ್ಣಿನ ಭವಿಷ್ಯವನ್ನು ಹೇಳುವುದು ಆ ಹಸಿರು ಚುಕ್ಕೆ. ಹುಣ್ಣಿದ್ದರೆ ಜೀವಿರೋಧಕ ಮುಲಾಮು, ಉಜ್ಜದಂತೆ ಕುತ್ತಿಗೆಗೊಂದು ಅಗಲವಾದ ಕೊರಳಪಟ್ಟಿ. ಬೆಕ್ಕು ಆ ಪಟ್ಟಿಯನ್ನು ಕಂಡು ಮಾಡುವ ರಂಪವನ್ನು ಮನೆಯವರು ಒಂದೆರಡು ದಿನ ಸಹಿಸಿಕೊಳ್ಳಬೇಕು. ಕನಿಕರಪಟ್ಟು ಬಿಚ್ಚಿದರೆ ಮಾಡಿದ್ದೆಲ್ಲ ನೀರುಪಾಲು.

ಕೈಗೆ ಸಿಕ್ಕದ ಹುಳುಗಳೂ ಸಣ್ಣ ಮರಿಗಳೂ ಉಳಿದಿರಬಹುದು. ಅವಕ್ಕೆ ಒಳಗಿನಿಂದ ಔಷಧಿ. ಯುರೋಪಿನ ಬೆಕ್ಕುಗಳ ಮೇಲೆ ಪರೀಕ್ಷಿಸಿ ನೋಡಿದ್ದು ಮಿಲ್ಬೆಮೈಸಿನ್ ಎಂಬ ಮದ್ದುಳ್ಳ ಮಾತ್ರೆಯನ್ನು. ಒಂದೇ ಸಲ ಕೊಟ್ಟಾಗ ಗುಣವಾಗದ ಬೆಕ್ಕುಗಳಲ್ಲಿ ಕೆಲವು ವಾರದ ಮೇಲೆ ಎರಡನೆಯ ಸಲ ಕೊಟ್ಟಾಗ ಗುಣ ಹೊಂದಿದುವು. ಆದರೂ ನೂರಕ್ಕೆ ನೂರು ಎನ್ನುವಂತಿರಲಿಲ್ಲ. ಯಾವ ಮದ್ದು, ಎಷ್ಟು ಪ್ರಮಾಣ ಎಂಬುದು ಬೆಕ್ಕಿನ ತೂಕ, ವಯಸ್ಸು, ಬಸಿರು ಬಾಣಂತನಗಳನ್ನು ನೋಡಿ ವೈದ್ಯರು ನಿಶ್ಚಯಿಸತಕ್ಕದ್ದು. ನಾಯಿಗೆಂದು ತಂದ ಮಾತ್ರೆಯನ್ನು ಮುರಿದು ಅರ್ಧ ಕೊಡುವುದು ಲೆಕ್ಕಾಚಾರವಲ್ಲ, ಜೂಜು.

ನಾಯಿಯ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ನೊಣ, ಚಿಗಟಗಳನ್ನು ದೂರವಿಡಲು ನಾಯಿಯ ಬೆನ್ನಿಗೆ ಬಿಡುವ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಎಂಬ ವಸ್ತುವಿದೆ. ನಾಯಿ ಅದನ್ನು ತಾಳಿಕೊಳ್ಳುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿ ಸಾಲದು. ಮೈ ನಡುಗಿ, ಸೆಳವು ಬಂದು ಪ್ರಾಣವೇ ಹೋಗಬಹುದು. ಕಣ್ಣಿನ ಹುಳುವಿಗೆ ಹೆದರಿ ಈ ಹನಿಯನ್ನು ಬೆಕ್ಕಿಗೆ ಹಾಕುವವರು ಕಣ್ಣು ಉಳಿಸಲು ಹೋಗಿ ಬೆಕ್ಕನ್ನೇ ಕಳೆದುಕೊಂಡಾರು. ಡಬ್ಬಿಯ ಮೇಲೆ ಬೆಕ್ಕಿಗೆ ಎಂದು ಸ್ಪಷ್ಟವಾಗಿ ಅಚ್ಚಾಗಿರದ ಯಾವುದನ್ನೂ ಅದರ ಮೈಗೆ ಮುಟ್ಟಿಸಬಾರದು.

ಹುಳು ಬಾರದಂತೆ ತಡೆಯುವ ಲಸಿಕೆಯಿಲ್ಲ. ಅಡಿಗೆಮನೆಯ ಬಾಳೆಹಣ್ಣನ್ನು ಮುಚ್ಚಿಟ್ಟರೆ ಕಾಡಿನ ನೊಣ ನಿಲ್ಲುವುದಿಲ್ಲ. ಮರಗಿಡಗಳ ನಡುವೆ, ತೋಟದ ಅಂಚಿನಲ್ಲಿ ಮನೆಯಿರುವವರು ಬೆಕ್ಕನ್ನು ಹಗಲಿನಲ್ಲಿ ಒಳಗೆ ಇರಿಸಿಕೊಂಡಷ್ಟೂ ಅನುಕೂಲ. ಆದರೆ ಅದು ಹೇಳಿದಷ್ಟು ಸುಲಭವಲ್ಲವೆಂಬುದು ಬೆಕ್ಕು ಸಾಕಿದವರಿಗೆಲ್ಲ ಗೊತ್ತು. ವಾರಕ್ಕೊಮ್ಮೆ ಮಡಿಲಲ್ಲಿ ಕೂರಿಸಿಕೊಂಡು ಎರಡು ಕಣ್ಣುಗಳನ್ನೂ ನೋಡುವ ಅಭ್ಯಾಸ ಇದಕ್ಕಿಂತ ಸುಲಭ. ಮನೆಯಲ್ಲಿ ನಾಯಿಯೂ ಇದ್ದರೆ ಅದರ ಕಣ್ಣನ್ನೂ ನೋಡಿಸಬೇಕು, ಏಕೆಂದರೆ ಹುಳುವಿಗೆ ಬೆಕ್ಕಿಗಿಂತ ನಾಯಿಯ ಕಣ್ಣಿನಲ್ಲಿಯೇ ನೆಲೆ ಹೆಚ್ಚು.

ತಾಲ್ಲೂಕಿನ ಸರ್ಕಾರಿ ಪಶುಚಿಕಿತ್ಸಾಲಯಗಳಲ್ಲಿ ಬೆಕ್ಕನ್ನೂ ನೋಡುತ್ತಾರೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯುಂಟು. ಮುಚ್ಚಳವಿರುವ ಬುಟ್ಟಿಯಲ್ಲಿ ಅದು ದಿನವೂ ಮಲಗುವ ಬಟ್ಟೆಯನ್ನು ಹಾಸಿ ಕೊಂಡೊಯ್ದರೆ ಗಲಾಟೆ ಕಡಿಮೆ. ಬೇನೆ ಎಂದಿನಿಂದ, ಯಾವ ಹನಿಯನ್ನು ಎಷ್ಟು ದಿನ ಬಿಟ್ಟಿದ್ದಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಳೆಯ ಶೀಷೆಯನ್ನೂ ಜೊತೆಗೆ ಒಯ್ಯಬೇಕು. "ಬರಿ ನೀರು ಬರುತ್ತದೆ ಡಾಕ್ಟರೇ" ಎಂದಷ್ಟೇ ಹೇಳಿ ಮುಗಿಸದೆ, ಮೂರನೆಯ ರೆಪ್ಪೆಯ ಹಿಂದೆಯೂ ಒಮ್ಮೆ ನೋಡಿರೆಂದು ಕೇಳಿಕೊಳ್ಳುವುದರಲ್ಲಿ ಸಂಕೋಚವೇನಿಲ್ಲ. ಹುಳು ತೆಗೆದ ಮೇಲೆ ನೀರು ನಿಂತಿತೆಂದು ಸುಮ್ಮನಾಗದೆ ವೈದ್ಯರು ಹೇಳಿದ ದಿನ ಮತ್ತೆ ಹೋಗಿ, ಆ ಪೊರೆಯನ್ನು ಇನ್ನೊಮ್ಮೆ ಎತ್ತಿಸಿ ನೋಡಬೇಕು. ಮೊದಲ ಸಲ ಚಿಮಟಕ್ಕೆ ಸಿಕ್ಕದಷ್ಟು ಚಿಕ್ಕದಾಗಿದ್ದ ಮರಿ ಅಷ್ಟರಲ್ಲಿ ಕಾಣುವಷ್ಟು ಬೆಳೆದಿರಬಹುದು.